ರಸ್ತೆಯಾಚೆಯ ತಲೆಗಳು

ಜನವರಿ 11

ಗುಬ್ಬೀ,

ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯೋ ಏನೋ. ಫೋನು ಮಾಡಿ ಕೇಳೋಣವೆಂದರೆ ನೀನಿರುವ ಕಣಿವೆಯಲ್ಲಿ ಫೋನೇ ಕೂಡದು. ಆಕಾಶದ ಸದ್ದು ಕೇಳುವ ಆ ದೊಡ್ಡ ರೇಡಿಯೋ ಬಟ್ಟಲುಗಳಿಗೆ ನಮ್ಮ ಫೋನು, ವೈಫೈ ಎಲ್ಲ ಅಡ್ಡ ಬರುತ್ತವೆ ಎಂದು ನೀನು ಬಿಡಿಸಿ ಹೇಳಿದ್ದೀಯ. ನನಗೆ ಅರ್ಥವೂ ಆಗಿದೆ. ಆದರೆ ಜ್ವರಗಿರ ಬಂದರೆ ಯಾರನ್ನು ಕೂಗುತ್ತೀಯ? ಕಾಗದ ನಮ್ಮ ಕೈ ಸೇರುವ ಹೊತ್ತಿಗೆ ಜ್ವರ ಬಿಟ್ಟಿರುತ್ತದೆ, ಇಲ್ಲವೇ... ಬೇಡ, ಬರೆಯುವುದಿಲ್ಲ.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಮ್ಮ ಕಟಿಂಗ್ ಅಂಗಡಿಯಲ್ಲಿ ಯಾರೋ ಇದ್ದಾರೆ.

ನೀನು ಹೋಗುವ ಮುಂಚೆ ನಿನ್ನ ಹಳೆಯ ಲ್ಯಾಪ್‌ಟಾಪನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಅದರಿಂದಲೇ ಗಿರಾಕಿಗಳಿಗೆ ವೈಫೈ ಸಿಗುವ ಹಾಗೆ ಮಾಡಿಕೊಟ್ಟೆಯಲ್ಲ. ನಿಧಾನ ಎಂದು ಯಾರಾದರೂ ಗೊಣಗಿದರೆ ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು ‘ಐ ಡಬ್ಲ್ಯು’, ಆಮೇಲೆ ‘ಈವೆಂಟ್’ ಎಂದು ಒತ್ತು, ಯಾರ ಫೋನು ಬಂದು ಸೇರಿತು, ಯಾವುದು ಬಿಟ್ಟು ಹೋಯಿತು ಎಲ್ಲ ಸಾಲಾಗಿ ಬರುತ್ತದೆ ಎಂದಿದ್ದೆ. ಬಂದರೆ ‘ನ್ಯೂ ಸ್ಟೇಷನ್’, ಹೋದರೆ ‘ಡೆಲ್ ಸ್ಟೇಷನ್’. ಸ್ಟೇಷನ್ ಎಂದ ಕೂಡಲೆ ನನಗೆ ಪೊಲೀಸರು ನೆನಪಾಗಿದ್ದರು. ಅದು ಫೋನಿಗೇ ಇಟ್ಟ ಹೆಸರು ಅಪ್ಪಾ ಎಂದು ನೀನು ನಕ್ಕಿದ್ದೆ.

ಈಗ ಕೇಳು. ಮೊನ್ನೆ ಅಂಗಡಿ ಖಾಲಿ. ಈಚೆಗೆ ದಿನವೂ ಖಾಲಿ, ಅದು ಬೇರೆ. ಮಾಡಲು ಕೆಲಸವಿಲ್ಲದೆ ಆ ಕಪ್ಪು ಕಿಟಕಿ ತೆರೆದು ಕೂತಿದ್ದೆ. ನ್ಯೂ ಸ್ಟೇಷನ್ ಎಂದು ಒಂದು ಸಾಲು ಬಂತು. ಬಾಗಿಲ ಕಡೆ ನೋಡಿದೆ, ಯಾರೂ ಇಲ್ಲ. ಯಾರಾದರೂ ಫೋನು ಮರೆತು ಹೋದರೋ ಎಂದು ಬೆಂಚಿನ ಕೆಳಗೆ ಬಗ್ಗಿ ನೋಡಿದೆ, ಟವೆಲ್ ರಾಶಿ ಕೊಡವಿದೆ. ಅಷ್ಟರಲ್ಲಿ ಇನ್ನೊಂದು ಬಂತು. ಎರಡು ಸ್ಟೇಷನ್ನು, ಮನುಷ್ಯ ನಾನೊಬ್ಬನೇ. ನನ್ನ ಫೋನು ಮನೆಯಲ್ಲಿ ಚಾರ್ಜಿಗಿತ್ತು.

ಇದೇನಾದರೂ ಎದುರಿನವನ ಕಿತಾಪತಿಯೇ? ನಿನ್ನ ಚಿಕ್ಕಪ್ಪ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಿನ್ನ ಅಮ್ಮನ ತಂಗಿಯ ಗಂಡ, ನನಗೆ ಷಡ್ಡಕ, ಇಷ್ಟು ಹೇಳಿದರೆ ಸಾಕು. ಇಷ್ಟು ವರ್ಷ ಒಂದೇ ಕನ್ನಡಿಯ ಮುಂದೆ ನನ್ನ ಕುರ್ಚಿಯ ಪಕ್ಕ ಕುರ್ಚಿ ಹಾಕಿಕೊಂಡು ಕೆಲಸ ಮಾಡಿದವನು. ಹಿಂದಕ್ಕೆ ಒರಗುವ ಕುರ್ಚಿ ಬೇಕು, ಎಸಿ ಬೇಕು ಎಂದ. ಕರೆಂಟು ಹೋದರೆ ಒರಗಿದವನು ಒರಗಿಕೊಂಡೇ ಇರಬೇಕಾ ಎಂದು ನಾನು ಕೇಳಿದ್ದು ತಪ್ಪೇ? ಅದೂ ಹೋಗಲಿ. ನನ್ನ ಕುರ್ಚಿ ಖಾಲಿ ಇದ್ದರೂ ಗಿರಾಕಿಗಳು ‘ಪರವಾಗಿಲ್ಲ, ಅವರದು ಆಗಲಿ’ ಎಂದು ಅವನಿಗಾಗಿ ಬೆಂಚಿನ ಮೇಲೆ ಕಾಯತೊಡಗಿದರು. ಕೈಯಲ್ಲಿ ಬಟ್ಟೆ ಹಿಡಿದು ನಿಂತವನು ನಾನು. ಅಷ್ಟು ಬೇಕಿದ್ದರೆ ಬೇರೆ ಅಂಗಡಿ ಹಾಕಿಕೋ ಎಂದೆ. ಕೋಪಕ್ಕೆ ಹೋಗು ಎಂದರೆ ಹೋಗಿಯೇ ಬಿಡುವುದೇ? ಅದೂ ರಸ್ತೆ ದಾಟಿ, ಸರಿಯಾಗಿ ನನ್ನ ಎದುರಿಗೇ?

ಬೇಗ ಬರಿ. ಲ್ಯಾಪ್‌ಟಾಪು ಬಿಸಿಯಾಗುತ್ತದೆ, ಬೆಂಕಿ ಹತ್ತುವುದಿಲ್ಲ ತಾನೇ?

ಕಾಯುತ್ತಿರುವ
ಅಪ್ಪ


ಜನವರಿ 20

ಅಪ್ಪಾ,

ಬೆಂಕಿ ಹತ್ತುವುದಿಲ್ಲ. ಜ್ವರ ಬಂದಿಲ್ಲ. ಬಂದರೆ ಕೂಗಲು ಪಕ್ಕದ ಕೋಣೆಯಲ್ಲಿ ಅಡುಗೆಯಮ್ಮ ಇದ್ದಾರೆ, ಅವರ ಕಿವಿ ನಮ್ಮ ಬಟ್ಟಲುಗಳಿಗಿಂತ ಚುರುಕು.

ನಿನ್ನ ಅಂಗಡಿಯಲ್ಲಿ ಯಾರೂ ಇಲ್ಲ. ಒಮ್ಮೆ ಪಾಸ್‌ವರ್ಡ್ ಹಾಕಿಕೊಂಡ ಫೋನು ನಮ್ಮ ವೈಫೈಯನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಅದು ಎಟಕುವಷ್ಟು ಹತ್ತಿರ ಬಂದರೆ ಯಾರನ್ನೂ ಕೇಳದೆ ತಾನೇ ಸೇರಿಕೊಳ್ಳುತ್ತದೆ. ನಮ್ಮದು ರಸ್ತೆ ದಾಟಿ ಎದುರಿನ ಕಟ್ಟಡದವರೆಗೂ ಹೋಗುತ್ತದೆ, ನಾನೇ ನಡೆದು ನೋಡಿದ್ದೆ. ಹಳೆಯ ಗಿರಾಕಿ ಯಾರೋ ಆ ಕಡೆ ನಿಂತಿದ್ದಾರೆ, ಅಷ್ಟೇ. ಪ್ರತಿ ಫೋನಿಗೂ ಒಂದು ಉದ್ದದ ನಂಬರ್ ಇರುತ್ತದೆ, ನೀನು ಸಾಲಿನಲ್ಲಿ ನೋಡುವುದು ಅದನ್ನೇ.

ಚಿಕ್ಕಪ್ಪನಿಗೆ ಇದೆಲ್ಲ ಬರುವುದಿಲ್ಲ ಅಪ್ಪಾ. ಟಿವಿ ರಿಮೋಟಿಗೆ ಸೆಲ್ ಹಾಕಲು ನನ್ನನ್ನು ಕರೆಯುತ್ತಿದ್ದವರು.

ನನ್ನ ಕೆಲಸವೂ ಹೆಚ್ಚುಕಡಿಮೆ ಇದೇ. ಯಾರಾದರೂ ಕದ್ದು ವೈಫೈ ಹಚ್ಚಿದರೆ ವ್ಯಾನಿನಲ್ಲಿ ಹೋಗಿ ಹಿಡಿಯುವುದು. ನಿನ್ನೆ ಸಿಕ್ಕಿದ್ದು ಒಬ್ಬ ಅಜ್ಜಿಯ ಕಿವಿಯ ಮಿಷನ್ನು.

ಅಮ್ಮನಿಗೆ ಬೇರೆ ಕಾಗದ ಹಾಕಿದ್ದೇನೆ. ಚಿಕ್ಕಪ್ಪ ಚಿಕ್ಕಮ್ಮನಿಗೂ ಒಂದು.

ನಿನ್ನ
ಗುಬ್ಬಿ


ಫೆಬ್ರವರಿ 3

ಗುಬ್ಬೀ,

ನೀನು ಸಮಾಧಾನಕ್ಕೆಂದು ಬರೆದೆ, ನನಗೆ ಅದರಿಂದಲೇ ನಿದ್ದೆ ಕೆಟ್ಟಿತು. ಎದುರಿನ ಕಟ್ಟಡದಲ್ಲಿ ಇರುವುದು ಏನು? ಮೇಲೆ ಗೋಡೌನು, ಕೆಳಗೆ ಅವನ ಅಂಗಡಿ. ಗೋಡೌನಿಗೆ ನನ್ನ ಹಳೆಯ ಗಿರಾಕಿ ಯಾಕೆ ಹೋಗುತ್ತಾನೆ?

ಅವನು ಮುಂದಿನ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದಾನೆ, ಬಾಗಿಲು ಪಕ್ಕದ ಗಲ್ಲಿಗೆ ಇಟ್ಟಿದ್ದಾನೆ. ಒಳಗೆ ಯಾರು ಕೂತಿದ್ದಾರೆ ಎಂದು ನನ್ನ ಕಣ್ಣಿಗೆ ಬೀಳಬಾರದೆಂದೇ ಹಾಗೆ ಮಾಡಿದ್ದು. ಈಗ ಬಿದ್ದಿತಲ್ಲ. ಅಲ್ಲಿ ಹೋಗಿ ಒರಗಿದವರೆಲ್ಲ ಇಲ್ಲಿ ನನ್ನ ಕನ್ನಡಿಯ ಕೆಳಗೆ ಬಂದು ಹಾಜರಿ ಹಾಕುತ್ತಿದ್ದಾರೆ.

ನನ್ನ ಕುರ್ಚಿಗೆ ಬಂದವರ ನಂಬರನ್ನು ಗುರುತಿಟ್ಟುಕೊಳ್ಳಲು ಶುರು ಮಾಡಿದೆ. ಉದ್ದದ್ದು ಓದಲು ನನ್ನಿಂದಾಗದು, ಐದನೇ ಕ್ಲಾಸಿನ ಇಂಗ್ಲಿಷು ಎಷ್ಟು ದೂರ ಬರುತ್ತದೆ? ಕೊನೆಯ ಎರಡು ಅಕ್ಷರ ಸಾಕು. ಬೀಗ ರಿಪೇರಿಯವನು ಸಿ ಒಂಬತ್ತು. ಔಷಧಿ ಅಂಗಡಿಯವನು ಏಳು ಎ. ಇಬ್ಬರೂ ಹೋದ ವಾರ ಎದುರುಗಡೆ ಇದ್ದರು. ಬೀಗದವನು ಮಾರನೆಯ ದಿನ ಇಲ್ಲಿ ಪೇಪರ್ ಓದಲು ಬಂದು, ‘ಈ ಸಲ ಹೆಂಡತಿಯೇ ಕತ್ತರಿಸಿದಳು’ ಎಂದ. ಹೌದಾ, ನಿಮ್ಮ ಹೆಂಡತಿಗೆ ಅಷ್ಟು ಒಳ್ಳೆ ಮಿಷನ್ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಪೇಪರ್ ಅರ್ಧಕ್ಕೇ ಬಿಟ್ಟು ಎದ್ದ.

ನಮ್ಮ ಕಸುಬಿನಲ್ಲಿ ಕಾಯಂ ಗಿರಾಕಿಯನ್ನು ‘ತಲೆ’ ಎನ್ನುತ್ತೇವಲ್ಲ. ಇವು ನನ್ನ ತಲೆ, ಅವು ಅವನ ತಲೆ ಎಂದು ಇಬ್ಬರೂ ಮೊದಲಿಂದ ಹಂಚಿಕೊಂಡೇ ಇದ್ದೆವು. ಈಗ ಒಂದೊಂದಾಗಿ ನನ್ನವೂ ರಸ್ತೆ ದಾಟುತ್ತಿವೆ. ಉಳಿದಿರುವ ಗಟ್ಟಿ ತಲೆ ಎಂದರೆ ಡ್ರಾಯಿಂಗ್ ಮೇಷ್ಟ್ರದು. ಈ ಅಂಗಡಿ ತೆರೆದ ಬೆಳಗ್ಗೆ ಮೊದಲು ಕೂತ ತಲೆ. ಅಮ್ಮನಿಗೂ ಹೇಳಿದ್ದೇನೆ, ಮೇಷ್ಟ್ರು ಎಲ್ಲಿಯವರೆಗೆ ಬರುತ್ತಾರೋ ಅಲ್ಲಿಯವರೆಗೆ ಅಂಗಡಿ. ಅವರೂ ಎದುರಿಗೆ ಹೋದರೆ ಮಾರನೆಯ ದಿನ ಷಟರ್ ಎತ್ತುವುದಿಲ್ಲ.

ಅವರ ನಂಬರೂ ಸಿಕ್ಕಿತು. ಮೊನ್ನೆ ಬೆಳಗ್ಗೆ ನಾನು ಅಂಗಡಿ ತೆಗೆಯುವ ಹೊತ್ತಿಗೇ ಬಂದು ಕೂತರು. ಬಟ್ಟೆ ಹೊದಿಸಿ ಕತ್ತಿಗೆ ಗಂಟು ಹಾಕುತ್ತಿದ್ದೆ. ಎದುರಿನವನು ಷಟರ್ ಎತ್ತಿದ ಸದ್ದಿಗೆ ಮೇಷ್ಟ್ರು ಕತ್ತು ತಿರುಗಿಸಿದರು, ಅಲ್ಲಾಡಬೇಡಿ ಎಂದೆ. ಅದೇ ಹೊತ್ತಿಗೆ ಸಾಲು ಬಂತು, ಕೊನೆಗೆ ಎಫ್ ನಾಲ್ಕು. ಅಂಗಡಿಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ಆದ್ದರಿಂದ ಎಫ್ ನಾಲ್ಕು ಮೇಷ್ಟ್ರು.

ಇನ್ನೊಂದು. ಅವನಿಗೆ ಬರೆದ ಕಾಗದ ಎಷ್ಟು ಪುಟ ಇತ್ತು?

ಅಪ್ಪ


ಫೆಬ್ರವರಿ 19

ಗುಬ್ಬೀ,

ನಿನ್ನಿಂದ ಉತ್ತರವಿಲ್ಲ. ಆರೋಗ್ಯ ತಾನೇ? ಅಂಚೆಯವನನ್ನು ಕೇಳಿದರೆ ಕಣಿವೆಗೆ ಗಾಡಿ ಹೋಗಿಲ್ಲ ಎಂದ. ಅವನ ಕಟಿಂಗೂ ಹೊಸದು, ನಾನು ಮಾಡಿದ್ದಲ್ಲ. ಅವನ ಮಾತನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ.

ಅವನ ಕಾಗದ ಎರಡು ಹಾಳೆಯಂತೆ. ನಿನ್ನ ಅಮ್ಮನೇ ಬಾಯಿ ಜಾರಿ ಹೇಳಿದಳು. ನನ್ನದು ಒಂದು ಹಾಳೆ, ಅದರಲ್ಲೂ ಹಿಂಬದಿ ಖಾಲಿ. ಇರಲಿ. ಅವನಿಗೆ ಓದಲು ಬಿಡುವು ಎಲ್ಲಿದೆಯೋ ಪಾಪ, ಅಷ್ಟು ತಲೆಗಳ ಮಧ್ಯೆ.

ಬಾಯಿ ಜಾರಿದ್ದು ಹೇಗೆ ಎಂದು ಕೇಳು. ಅಮ್ಮ ದಿನಾ ಮಧ್ಯಾಹ್ನ ಊಟದ ಡಬ್ಬಿ ತರುತ್ತಾಳಲ್ಲ. ಬಂದಾಗ ಅವಳ ಫೋನು ಸೇರುತ್ತದೆ, ಹೋದಾಗ ಬಿಡುತ್ತದೆ, ಇದು ನನಗೆ ರೂಢಿ. ಹೋದ ವಾರ ಡಬ್ಬಿ ಇಟ್ಟಳು, ಉಪ್ಪು ಸರಿಯಾಗಿದೆಯಾ ಎಂದು ಕೇಳಿದಳು, ಹಿಟ್ಟಿನ ಗಿರಣಿಗೆ ಹೋಗಬೇಕೆಂದು ಹೊರಟಳು. ನಾನು ಉಂಡೆ, ಕೈ ತೊಳೆದೆ, ಡಬ್ಬಿಯನ್ನೂ ತೊಳೆದಿಟ್ಟೆ. ಡೆಲ್ ಬರಲಿಲ್ಲ. ಗಿರಣಿ ಇರುವುದು ಎರಡು ಬೀದಿ ಆಚೆ. ಸಂಜೆಯ ಬಿಸಿಲು ಕನ್ನಡಿಗೆ ಬೀಳುವ ಹೊತ್ತಿಗೆ ಬಂತು ಡೆಲ್.

ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ.

ಮನೆಯಲ್ಲಿ ಕೇಳಿಯೇಬಿಟ್ಟೆ. ಹಿಟ್ಟಿನ ಗಿರಣಿ ಈಗ ರಸ್ತೆ ದಾಟಿ ಬಂದಿದೆಯಾ ಎಂದೆ. ಅವಳು ಪಾತ್ರೆ ಉಜ್ಜುತ್ತಿದ್ದಳು, ಉಜ್ಜುವುದನ್ನು ನಿಲ್ಲಿಸಲಿಲ್ಲ.

“ನನ್ನ ತಂಗಿ ಅಲ್ಲಿ ಗಲ್ಲಾದ ಮೇಲೆ ಕೂತಿರ್ತಾಳೆ. ಹೋಗಿ ಮಾತಾಡ್ಸಿ ಬರ್ತೀನಿ. ಗುಬ್ಬಿ ಅವ್ರಿಗೆ ಬರ್ದ ಎರಡು ಹಾಳೆ ಓದಿದ್ದೂ ಅಲ್ಲೇ. ನೀವಿಬ್ರು ಮಾತು ಬಿಟ್ಟಿದ್ದೀರಿ, ನಾವು ಬಿಡ್ಬೇಕು ಅಂತ ಎಲ್ಲಾದ್ರೂ ಬರ್ದಿದ್ಯಾ?”

ಹಾಗಾದರೆ ಸುಳ್ಳು ಯಾಕೆ ಹೇಳಿದೆ ಎಂದೆ.

“ನಿಜ ಹೇಳಿದ್ರೆ ನೀವು ಊಟ ಬಿಡ್ತಿದ್ರಿ. ಈಗ ಬಿಟ್ರಾ? ಡಬ್ಬಿ ತೊಳ್ದು ಬೇರೆ ಇಟ್ಟಿದ್ರಿ.”

ಆದರೆ ಗುಬ್ಬೀ, ನನ್ನ ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಹೊತ್ತು ನಿಲ್ಲುವವಳು ಅಲ್ಲಿ ಮಧ್ಯಾಹ್ನವೆಲ್ಲ ಕೂರುತ್ತಾಳೆ. ಅಲ್ಲಿ ತಂಪು. ಅಲ್ಲಿ ಹಾಡು. ಹೌದು, ಈಗ ಹಾಡು ಬೇರೆ ಹಾಕುತ್ತಾನೆ, ಬೆಳಗ್ಗೆಯಿಂದ ಸಂಜೆಯವರೆಗೆ ಹಳೆಯ ಹಾಡು, ನನಗೆ ಬಾಯಿಪಾಠ ಬರುವಂಥವೇ. ಕತ್ತರಿ ಆಡಿಸುವಾಗ ನನ್ನ ಕೈ ಅವನ ಹಾಡಿನ ತಾಳಕ್ಕೆ ಹೋಗುತ್ತದೆ. ತಡೆದುಕೊಳ್ಳುತ್ತೇನೆ.

ಎಫ್ ನಾಲ್ಕು ದಿನಾ ಬರುತ್ತಿದೆ. ಏನು ತಿಳಿಯುವುದೋ ನೀನೇ ಹೇಳು.

ಊಟ ಬಿಡದ
ಅಪ್ಪ


ಫೆಬ್ರವರಿ 28

ಅಪ್ಪಾ,

ಗಾಡಿ ನಿಜವಾಗಿಯೂ ಬಂದಿರಲಿಲ್ಲ. ಎರಡೂ ಕಾಗದ ಒಟ್ಟಿಗೆ ಬಂದವು. ಅಂಚೆಯವರನ್ನು ಬಿಟ್ಟುಬಿಡು.

ಚಿಕ್ಕಪ್ಪನಿಗೆ ಎರಡು ಹಾಳೆ ಆದದ್ದು ಅಕ್ಷರ ದೊಡ್ಡದಾಗಿ ಬರೆದದ್ದಕ್ಕೆ. ಅವರ ಕನ್ನಡಕದ ನಂಬರ್ ಏರಿದೆ, ನಿನಗೆ ಗೊತ್ತಿಲ್ಲವೇ? ಈ ಸಲ ಹಿಂಬದಿಗೂ ಬರೆಯುತ್ತೇನೆ.

ಆ ಕಪ್ಪು ಕಿಟಕಿಯನ್ನು ನಾನು ತೋರಿಸಬಾರದಾಗಿತ್ತು. ಅದು ಹೇಳುವುದು ಒಂದೇ ಮಾತು: ಒಂದು ಫೋನು ಹತ್ತಿರದಲ್ಲಿದೆ. ಯಾರ ಕೈಯಲ್ಲಿದೆ, ರಸ್ತೆಯ ಯಾವ ಕಡೆಯಿದೆ, ಯಾಕಿದೆ, ಒಂದನ್ನೂ ಹೇಳುವುದಿಲ್ಲ. ಕೆಲವು ಹೊಸ ಫೋನುಗಳಂತೂ ಬೇರೆ ನಂಬರ್ ಹಾಕಿಕೊಂಡು ಬರುತ್ತವೆ. ಒಬ್ಬರೇ ಇದ್ದಾಗ ಬಂದ ನಂಬರ್ ಅವರದೇ ಎಂದು ನೀನು ಹೇಗೆ ಗಂಟು ಹಾಕಿದೆ?

ಇಲ್ಲಿ ಏನಾದರೂ ಸಿಕ್ಕರೆ ನಮಗೆ ಗೊತ್ತಾಗುವುದೂ ದಿಕ್ಕು ಮಾತ್ರ. ಆಮೇಲೆ ಹೋಗಿ ಬಾಗಿಲು ತಟ್ಟಿ ಕೇಳುತ್ತೇವೆ. ಬಾಗಿಲು ತಟ್ಟದೆ ಒಂದು ಸಾಲೂ ರಿಪೋರ್ಟ್ ಬರೆಯುವ ಹಾಗಿಲ್ಲ. ಹೋದ ತಿಂಗಳು ನಾನು ಒಬ್ಬರ ಮೇಲೆ ಸುಮ್ಮನೆ ಅನುಮಾನ ಪಟ್ಟೆ. ಈಗ ಅವರು ಊಟದ ಮನೆಯಲ್ಲಿ ನನ್ನ ಮೇಜಿಗೆ ಬರುವುದಿಲ್ಲ. ಆ ವಿಷಯ ಇನ್ನೊಮ್ಮೆ.

ನಿನ್ನ
ಗುಬ್ಬಿ


ಮಾರ್ಚ್ 15

ಗುಬ್ಬೀ,

ಯಾರು ಮೇಜಿಗೆ ಬರುವುದಿಲ್ಲ? ಗಂಡಸೋ ಹೆಂಗಸೋ? ಅರ್ಧ ಬರೆದು ಬಿಟ್ಟರೆ ನನ್ನ ಗತಿ ಏನು? ಅಮ್ಮ ನಗುತ್ತಾಳೆ, ನನಗೆ ನಗು ಬರುವುದಿಲ್ಲ.

ನೀನು ಹೇಳಿದ್ದು ಓದಿದೆ. ಸುಮ್ಮನಿರಲು ನೋಡಿದೆ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿಯೂ ನೋಡಿದೆ. ಮುಚ್ಚಿದರೆ ವೈಫೈಯೇ ಹೋಗುತ್ತದೆ. ಮತ್ತೆ ತೆಗೆದರೆ ಮೊದಲು ಬರುವುದು ಅದೇ, ಎಫ್ ನಾಲ್ಕು.

ಬೆಳಗ್ಗೆ ಅವನು ಷಟರ್ ಎತ್ತುವ ಹೊತ್ತಿಗೆ ಬಂದರೆ ಸಂಜೆ ಇಳಿಸುವವರೆಗೆ ಇರುತ್ತದೆ. ಒಬ್ಬ ಮನುಷ್ಯನ ತಲೆಯ ಮೇಲೆ ಅಷ್ಟು ಕೂದಲು ಎಲ್ಲಿದೆ? ಕಟಿಂಗಿಗಲ್ಲ, ಮೇಷ್ಟ್ರು ಕೂತು ಹರಟುವುದಕ್ಕೆ ಹೋಗುತ್ತಾರೆ. ಅವರ ಹರಟೆಯೆಲ್ಲ ನನ್ನ ಬೆಂಚಿನ ಮೇಲೆ ನಡೆಯುತ್ತಿತ್ತು. ನನ್ನ ಗೋಡೆಯ ಕ್ಯಾಲೆಂಡರಿನ ಚಿತ್ರದಲ್ಲಿ ಕುದುರೆಯ ಮುಂಗಾಲು ತಪ್ಪಾಗಿದೆ ಎಂದು ವರ್ಷವಿಡೀ ಬೈಯುತ್ತಿದ್ದವರು. ಈಗ ಅವನ ಗೋಡೆಯ ಮೇಲೆ ಯಾವ ಕುದುರೆ ಸಿಕ್ಕಿದೆಯೋ.

ನಿನ್ನೆ ಬಂದರು. ಏನೂ ಆಗದವರ ಹಾಗೆ ಕನ್ನಡಕ ತೆಗೆದು ಹಲಗೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ಸ್ವಲ್ಪ ಜಾಸ್ತಿಯೇ ತೆಗಿ, ಸೆಖೆ ಎಂದರು. ಬಟ್ಟೆ ಹೊದಿಸಿದೆ. ಸುಮ್ಮನಿರಬೇಕೆಂದೇ ಇದ್ದೆ. ಅಷ್ಟರಲ್ಲಿ ಎದುರಿನಿಂದ ಹಾಡು ಬಂತು, ಮೇಷ್ಟ್ರು ಬಟ್ಟೆಯೊಳಗೆ ಬೆರಳಲ್ಲಿ ತಾಳ ಹಾಕಿದರು. ಅದನ್ನು ನೋಡಿದೆ ನೋಡು.

ಇಲ್ಲಿ ಎಸಿ ಇಲ್ಲ ಮೇಷ್ಟ್ರೇ, ನಿಮಗೆ ದಿನಾ ಕೂತು ಅಭ್ಯಾಸವಾದ ಕಡೆಯೇ ತಂಪಾಗಿರುತ್ತದೆ ಎಂದೆ. ಏನಯ್ಯಾ ಹಾಗಂದರೆ ಎಂದರು. ನಾನು ಬಾಚಣಿಗೆ ಕೆಳಗಿಟ್ಟೆ.

“ಒಂದು ತಲೆಗೆ ಎರಡು ಕತ್ತರಿ ಆಗಲ್ಲ ಅಂತ ಹೇಳ್ದೆ.”

ಅವರು ಕೈ ಚಾಚಿ ಕನ್ನಡಕ ತೆಗೆದುಕೊಂಡು ಹಾಕಿಕೊಂಡು, ತಿರುಗಿ ನೋಡದೆ ಕನ್ನಡಿಯಲ್ಲೇ ನನ್ನನ್ನು ನೋಡಿದರು. ಕತ್ತಿನ ಗಂಟು ತಾವೇ ಬಿಚ್ಚಿಕೊಂಡರು. ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿ ಕುರ್ಚಿಯ ಕೈ ಮೇಲಿಟ್ಟು ಹೊರಟರು. ಅದರ ಮೇಲೆ ಒಂದು ಕೂದಲೂ ಬಿದ್ದಿರಲಿಲ್ಲ, ಮಡಿಸುವ ಅಗತ್ಯವೇ ಇರಲಿಲ್ಲ.

ಹೊರಗೆ ಹೋಗಿ ಯಾವ ಕಡೆ ತಿರುಗಿದರು ಎಂದು ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಸರಿಯಾಗೇ ಮಾಡಿದೆ ಅಲ್ಲವೇ? ಬೇಗ ಬರಿ.

ಅಪ್ಪ


ಮಾರ್ಚ್ 23

ಅಪ್ಪಾ,

ಎರಡೇ ಪ್ರಶ್ನೆ. ಮೇಷ್ಟ್ರ ಫೋನನ್ನು ನೀನು ಕಣ್ಣಾರೆ ನೋಡಿದ್ದೀಯಾ?

ಬೇರೆಯವರ ಕತ್ತರಿ ಬಿದ್ದ ತಲೆ ಬೆರಳಿಟ್ಟ ಕೂಡಲೆ ತಿಳಿಯುತ್ತದೆ ಎಂದು ನೀನೇ ಹೇಳುತ್ತಿದ್ದೆಯಲ್ಲ. ಬಟ್ಟೆ ಹೊದಿಸಿದ ಮೇಲೆ ಅವರ ತಲೆ ಮುಟ್ಟಿದೆಯಾ?

ಗುಬ್ಬಿ


ಏಪ್ರಿಲ್ 6

ಗುಬ್ಬೀ,

ಕಾಗದ ಸಿಕ್ಕಿತು. ಚಿಕ್ಕ ಕಾಗದ. ಉತ್ತರ ಆಮೇಲೆ ಬರೆಯುತ್ತೇನೆ.

ಪಾಸ್‌ವರ್ಡ್ ಬದಲಾಯಿಸಿದೆ. ನೀನು ಹಲಗೆಯ ಹಿಂದೆ ಅಂಟಿಸಿದ ಚೀಟಿಯಲ್ಲಿ ಹೇಗೆಂದು ಬರೆದಿತ್ತಲ್ಲ, ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಿದೆ. ಮಧ್ಯೆ ಎಲ್ಲ ಕೆಟ್ಟುಹೋಯಿತೆಂದು ಬೆವರಿದೆ, ಆಮೇಲೆ ಸರಿಹೋಯಿತು. ಹೊಸ ಪಾಸ್‌ವರ್ಡ್ ಏನೆಂದು ನಿನಗೆ ಬರೆಯುವುದಿಲ್ಲ, ಬೈಯುತ್ತೀಯ.

ನನ್ನ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಹೇಳುತ್ತೇನೆ. ಉಳಿದವರೆಲ್ಲ ಹೊರಗೆ. ಈಗ ಆ ಕಿಟಕಿಯಲ್ಲಿ ಏನು ಬರುತ್ತದೆ ಗೊತ್ತೇ? ಹಳೆಯ ಫೋನುಗಳು ಬಂದು ಕದ ತಟ್ಟುತ್ತವೆ. ನ್ಯೂ ಎಂದು ಬರುತ್ತದೆ, ಉಸಿರು ಬಿಡುವಷ್ಟರಲ್ಲಿ ಡೆಲ್. ಮತ್ತೆ ನ್ಯೂ, ಮತ್ತೆ ಡೆಲ್. ಬೀಗದವನದು, ಔಷಧಿ ಅಂಗಡಿಯವನದು ಸ್ವಲ್ಪ ಹೊತ್ತು ಬಡಿದು ಸುಮ್ಮನಾದವು. ಎಫ್ ನಾಲ್ಕು ಮಾತ್ರ ಬಿಡುತ್ತಿಲ್ಲ. ಮೊದಲ ದಿನ ನೋಡುತ್ತ ಕೂತಿದ್ದೆ, ಬಡಿಯಲಿ, ಚೆನ್ನಾಗಿ ಬಡಿಯಲಿ ಎಂದು. ನನಗೆ ಆದದ್ದು ಅವರಿಗೂ ಆಗಲಿ ಎಂದು. ಎರಡನೆಯ ದಿನ ನೋಡಲು ಆಗಲಿಲ್ಲ. ವಯಸ್ಸಾದವರು ಬಿಸಿಲಲ್ಲಿ ನಿಂತು ಬಾಗಿಲು ತಟ್ಟಿದ ಹಾಗೆ ಕಾಣತೊಡಗಿತು. ಟವೆಲ್ ತಂದು ಪರದೆಯ ಮೇಲೆ ಹಾಕಿದೆ.

ಎದುರಿನ ಹಾಡೂ ನಿಂತಿದೆ. ಅವನಿಗೂ ಬೇಸರ ಬಂತೇನೋ. ಬೀದಿ ಬಿಕೋ ಎನ್ನುತ್ತಿದೆ.

ಮೇಷ್ಟ್ರು ಬೀದಿಯಲ್ಲಿ ಕಾಣಿಸುತ್ತಿಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವ ವಿಷಯ ಮಾಲೀಕರ ಹತ್ತಿರ ಮಾತಾಡಲು ನಾಳೆ ಹೋಗಬೇಕು ಎಂದುಕೊಂಡಿದ್ದೇನೆ. ಅಮ್ಮ ಒಂದು ಮಾತೂ ಆಡುತ್ತಿಲ್ಲ. ಅವಳು ಆಡಿದರೆ ಪರವಾಗಿಲ್ಲ, ಆಡದಿದ್ದರೆ ಭಯ.

ನಿನ್ನ ಎರಡು ಪ್ರಶ್ನೆಗೂ ಉತ್ತರ ಒಂದೇ. ಇಲ್ಲ.

ಅಪ್ಪ


ಏಪ್ರಿಲ್ 10

ಗುಬ್ಬೀ,

ಮಾಲೀಕರ ಮನೆಗೆ ಹೋಗಲಿಲ್ಲ. ಹೊರಡಲು ಶರ್ಟು ಬದಲಾಯಿಸುತ್ತಿದ್ದೆ, ನಿನ್ನ ಚಿಕ್ಕಪ್ಪ ರಸ್ತೆ ದಾಟಿ ಬಂದ.

ಹೊರಗೇ ನಿಂತ. ಇಷ್ಟು ವರ್ಷ ದುಡಿದ ಅಂಗಡಿಯ ಹೊಸಲು ದಾಟಲು ಅನುಮಾನಿಸುತ್ತ ಚಪ್ಪಲಿ ಬಿಡಲೋ ಬೇಡವೋ ಎಂದು ಕಾಲು ಆಡಿಸುತ್ತಿದ್ದ. ಕೈಯಲ್ಲಿ ಫೋನಿತ್ತು. ನಾನು ಗುಂಡಿ ಹಾಕಿಕೊಳ್ಳುತ್ತಲೇ ಇದ್ದೆ, ಒಂದೇ ಗುಂಡಿಯನ್ನು ಎರಡು ಸಲ.

“ಅಣ್ಣ, ವೈಫೈ ಹೋಗಿದೆ.”

ಯಾರದು ಎಂದೆ.

“ನಮ್ದು.”

ಸಂಕೋಚವಿಲ್ಲದೆ ಹೇಳಿಬಿಟ್ಟ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಬಿಡಿಸಿ ಹೇಳಿದ. ಅವನು ಅಲ್ಲಿ ಬೇರೆ ಇಂಟರ್ನೆಟ್ ಹಾಕಿಸಿಯೇ ಇಲ್ಲವಂತೆ. ಅಣ್ಣನದು ಇಲ್ಲಿಯವರೆಗೂ ಬರುತ್ತದಲ್ಲ, ಇನ್ನೊಂದು ಯಾಕೆ ಎಂದುಕೊಂಡನಂತೆ. ಹಾಡು ಹಾಕುತ್ತಿದ್ದದ್ದೂ ಅದರಲ್ಲೇ. ನಾಲ್ಕೈದು ದಿನದಿಂದ ಬರುತ್ತಿಲ್ಲ, ಲ್ಯಾಪ್‌ಟಾಪು ಕೆಟ್ಟಿದೆಯೇನೋ, ಅಣ್ಣನಿಗೆ ಗುಬ್ಬಿಯೂ ಹತ್ತಿರವಿಲ್ಲ, ಎಂದು ನೋಡಲು ಬಂದನಂತೆ. ಅಂದರೆ ಆ ಹಾಡುಗಳು ನನ್ನವೇ. ನನ್ನ ವೈಫೈಯಲ್ಲಿ ನನ್ನ ಹೊಟ್ಟೆ ಉರಿಸಿದ್ದಾನೆ.

ಹೊಸ ಪಾಸ್‌ವರ್ಡ್ ಹೇಳಿ ಅಣ್ಣ ಎಂದ. ಅದನ್ನು ಅವನ ಮುಂದೆ ಬಾಯಲ್ಲಿ ಹೇಳುವ ಹಾಗಿರಲಿಲ್ಲ. ಇಲ್ಲಿ ಕೊಡು, ನಾನೇ ಹಾಕುತ್ತೇನೆ ಎಂದು ಫೋನು ಕಿತ್ತುಕೊಂಡೆ. ಅವನು ಬಗ್ಗಿ ನೋಡದ ಹಾಗೆ ಗೋಡೆ ಕಡೆ ತಿರುಗಿ ಒತ್ತಿದೆ. ಅವನು ಹಲಗೆಯ ಹತ್ತಿರ ಹೋಗಿ, ಇದೇನು ಟವೆಲ್ ಇಲ್ಲಿ ಒಣಹಾಕಿದ್ದೀರಿ, ಮಿಷನ್ ಬಿಸಿಯಾಗಲ್ಲವೇ ಎಂದು ತೆಗೆದ. ನಾನು ತಿರುಗಿದೆ. ಸಾಲು ಬಂತು. ನ್ಯೂ ಸ್ಟೇಷನ್, ಕೊನೆಗೆ ಎಫ್ ನಾಲ್ಕು. ಅದು ನನ್ನ ಕೈಯಲ್ಲಿದ್ದ ಇವನ ಫೋನು. ಡೆಲ್ ಬರಲಿಲ್ಲ. ಕಾದೆ. ಬರಲಿಲ್ಲ.

ಗುಬ್ಬೀ, ಗಿರಾಕಿಗಳ ಬೆಂಚಿನ ಮೇಲೆ ಕೂತುಬಿಟ್ಟೆ. ಮೇಷ್ಟ್ರ ಹತ್ತಿರ ಎಂಥ ಫೋನಿದೆ ಎಂದು ಕೇಳಿದೆ.

ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೆ ವೈಫೈ ಎಲ್ಲಿಂದ ಬರಬೇಕು ಎಂದ. ಬಟ್ಟೆ ಹೊದಿಸಿದ ಮೇಲೆ ಗಿರಾಕಿಯ ಜೇಬು ನನಗೆ ಹೇಗೆ ಕಾಣುತ್ತದೆ ಹೇಳು.

ಅವರು ನಿನ್ನ ಅಂಗಡಿಗೆ ಬರುತ್ತಾರಾ ಎಂದು ಕೇಳಿದೆ. ಅವನು ತನ್ನ ಹಳೆಯ ಕುರ್ಚಿ ಇದ್ದ ಜಾಗ ನೋಡಿದ. ಅಲ್ಲಿ ನೆಲದಲ್ಲಿ ನಾಲ್ಕು ಮೊಳೆಯ ತೂತು ಹಾಗೇ ಇವೆ. ಒಂದೇ ಸಲ ಬಂದಿದ್ದರು, ಹೋದ ವಾರ ಎಂದ. ಕೂದಲು ಕಿವಿ ಮುಚ್ಚಿತ್ತಂತೆ. ಎಲ್ಲಿಗಾದರೂ ಹೋಗಲೇಬೇಕಲ್ಲಯ್ಯಾ, ಕತ್ತರಿಸು ಎಂದರಂತೆ.

“ನಾನು ಕತ್ರಿ ಹಾಕ್ಲಿಲ್ಲ. ಅದು ನಿಮ್ಮ ತಲೆ ಅಣ್ಣ.”

ಬೇರೆಯವರು ಈ ಮಾತು ಕೇಳಿದ್ದರೆ ಕಣ್ಣೀರು ಹಾಕುತ್ತಿದ್ದರೇನೋ. ನನಗೆ ಏನಾಯಿತು ಗೊತ್ತೇ? ಉರಿಯಿತು. ಕೈಗೆ ಬಂದ ತಲೆಯನ್ನು ವಾಪಸ್ ಕಳಿಸುವಷ್ಟು ದೊಡ್ಡವನಾಗಲು ಇವನಿಗೆ ಯಾರು ಹೇಳಿದರು? ನನ್ನ ಕೈಗೆ ಅವನ ತಲೆಯೊಂದು ಬಂದಿದ್ದರೆ ನಾನು ಕಳಿಸುತ್ತಿದ್ದೆನೇ? ಇದರಲ್ಲೂ ಅವನೇ ಮುಂದೆ.

ಕತ್ತರಿ, ಬಾಚಣಿಗೆ, ಬ್ರಷ್ಷು ಚೀಲಕ್ಕೆ ಹಾಕಿದೆ. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಹೊದಿಸುವ ಬಟ್ಟೆ ಮರೆತಿದ್ದೆ, ಅವನು ಎತ್ತಿಕೊಂಡು ಹಿಂದೆಯೇ ಬಂದ. ನೀನು ಯಾಕೆ ಎಂದೆ. ಬಟ್ಟೆ ಯಾರು ತರೋದು ಎಂದ.

ಮೇಷ್ಟ್ರು ಮನೆಯ ಬಾಗಿಲು ತೆಗೆದರು. ನನ್ನನ್ನು ನೋಡಿದರು, ನನ್ನ ಹಿಂದೆ ಇವನನ್ನು ನೋಡಿದರು.

“ಇಬ್ರು ಬಂದಿದ್ದೀರಿ. ಇರೋದು ಒಂದೇ ತಲೆ.”

ನೀವು ಕೂತುಕೊಳ್ಳಿ ಮೇಷ್ಟ್ರೇ ಎಂದೆ, ಅಷ್ಟೇ. ಅವರು ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ತಾವೇ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು, ಕನ್ನಡಕ ತೆಗೆದು ಯಾರ ಕೈಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಹಿಂದಲೆಗೆ ಬೆರಳು ಹಾಕಿದೆ. ಉದ್ದ ಬೆಳೆದಿದ್ದರೂ ಕೆಳಗೆ ನನ್ನದೇ ಹಳೆಯ ಕಟಿಂಗಿನ ಅಂಚು ಹಾಗೇ ಸಿಕ್ಕಿತು. ಬೇರೆ ಯಾರ ಕತ್ತರಿಯೂ ಅಲ್ಲಿ ಓಡಾಡಿರಲಿಲ್ಲ. ನಿನ್ನ ಪ್ರಶ್ನೆ ನೆನಪಾಯಿತು. ಆ ದಿನ ಬಟ್ಟೆ ಹೊದಿಸಿದ ಮೇಲೆ ಒಂದು ಬೆರಳು ಇಟ್ಟಿದ್ದರೆ ಸಾಕಿತ್ತು. ನಾನು ನೋಡುತ್ತಿದ್ದದ್ದು ಲ್ಯಾಪ್‌ಟಾಪನ್ನು.

ಮೇಷ್ಟ್ರು ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ಕತ್ತರಿಯ ಸದ್ದೊಂದೇ. ಇವನು ಮಂಚದ ಅಂಚಿನಲ್ಲಿ ಕೂತು ನೋಡುತ್ತಿದ್ದ. ಇವನ ಕಣ್ಣು ಬೆನ್ನ ಮೇಲೆ ಇದ್ದರೆ ನನ್ನ ಕೈ ಇನ್ನಷ್ಟು ಹುಷಾರಾಗುತ್ತದೆ, ಮೊದಲಿಂದಲೂ ಹಾಗೇ. ಮುಗಿಸಿದೆ, ಬ್ರಷ್ ಹಾಕಿದೆ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಚೆನ್ನಾಗಿ ಬಂದಿತ್ತು.

ಆಗ ಇವನು ಕೆಮ್ಮಿದ. ಅಣ್ಣ, ಎಡಗಿವಿ ಹಿಂದೆ ಸ್ವಲ್ಪ ಉಳಿದಿದೆ ಎಂದ.

ನನಗೆ ಗೊತ್ತು ಎಂದೆ. ಹೋಗಿ ಕತ್ತರಿಸಿದೆ. ಬಟ್ಟೆಯೊಳಗೆ ಮೇಷ್ಟ್ರ ಭುಜ ನಗುವಿಗೆ ಕುಲುಕುತ್ತಿತ್ತು.

ನಿನ್ನ ಹತ್ತಿರ ಸುಳ್ಳು ಯಾಕೆ. ನನಗೆ ಗೊತ್ತಿರಲಿಲ್ಲ.

ಇಂದಿಗೂ ಷಟರ್ ಎತ್ತಿರುವ
ನಿನ್ನ ಅಪ್ಪ